ದೊಡ್ಡಪ್ಪನ ಸೂರ್ಯೋದಯ, ದೇಶದ ಆರು ಪದಕ

ನಮ್ಮ ಮನೆ ಗುಂಪಿನಲ್ಲಿ ದಿನಾ ಬೆಳಗ್ಗೆ ಆರಕ್ಕೆ ಸೂರ್ಯ ಹುಟ್ಟುತ್ತಾನೆ, ದೊಡ್ಡಪ್ಪ ಕಳಿಸುವ ಚಿತ್ರದಲ್ಲಿ. ಕೆಳಗೆ ಒಂದು ನುಡಿಮುತ್ತು ಇರುತ್ತದೆ. ಯಾರೂ ಓದುವುದಿಲ್ಲ, ಎಲ್ಲರೂ ಕೈ ಮುಗಿಯುತ್ತೇವೆ. ಕಳೆದ ಭಾನುವಾರ ಮಾತ್ರ ಹಾಗಾಗಲಿಲ್ಲ. ಅಲ್ಲಲ್ಲಿ ಸ್ವಲ್ಪ ಕತ್ತರಿ ಹಾಕಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.

ದೊಡ್ಡಪ್ಪ: "ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ" – ಸ್ವಾಮಿ ವಿವೇಕಾನಂದ. 140 ಕೋಟಿ ಜನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 6 ಪದಕ. ಒಂದೂ ಚಿನ್ನ ಇಲ್ಲ. 71ನೇ ಸ್ಥಾನ. ಕಾರಣ ಒಂದೇ, ಛಲ ಇಲ್ಲ! ನಿಜವಾದ ಭಾರತೀಯರಾದರೆ ಹತ್ತು ಜನರಿಗೆ ಕಳಿಸಿ.

ಆಕ್ಲೆಂಡ್ ಅಕ್ಕ: ಅಪ್ಪಾ, ಇದು ಹಳೆಯದು. ಹತ್ತು ಜನ ಆಗಲೇ ನನಗೆ ಕಳಿಸಿ ಆಗಿದೆ. ಇಲ್ಲಿ ಇರುವುದೇ 50 ಲಕ್ಷದ ಚಿಲ್ಲರೆ ಜನ, ಬೆಂಗಳೂರಿನ ಅರ್ಧವೂ ಇಲ್ಲ. ಅದೇ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡಿಗೆ 10 ಚಿನ್ನ ಬಂತು. ಇಲ್ಲಿಯವರಿಗೆ ಬೆಳಗ್ಗೆ ಸುಭಾಷಿತ ಕಳಿಸುವವರು ಯಾರೂ ಇಲ್ಲ.

ದೊಡ್ಡಪ್ಪ: ಅಲ್ಲಿ ಬೇರೆ ಕೆಲಸ ಏನಿದೆ? ಕುರಿ ಕಾಯುವುದು, ದೋಣಿಗೆ ಹುಟ್ಟು ಹಾಕುವುದು.

ಆಕ್ಲೆಂಡ್ ಅಕ್ಕ: ಆ ಹುಟ್ಟು ಹಾಕಿದ್ದಕ್ಕೂ ಚಿನ್ನ ಬಂದಿದೆ ಅಪ್ಪಾ.

ಮೂಡಬಿದಿರೆ ಭಾವ: ನಮ್ಮಲ್ಲಿ ಪ್ರತಿಭೆ ಇದೆ, ನೋಡುವವರಿಲ್ಲ. ಮಿಜಾರಿನ ಶ್ರೀನಿವಾಸ ಗೌಡರು ನೆನಪಿದ್ದಾರಾ? 2020ರಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರ್ ಓಡಿದರು, 13.62 ಸೆಕೆಂಡಿನಲ್ಲಿ. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.55. ಉಸೇನ್ ಬೋಲ್ಟ್‌ನ ವಿಶ್ವದಾಖಲೆಯೇ 9.58. ಕೆಸರಲ್ಲಿ!

ಪಿ.ಟಿ. ಮಾವ: ನೋಡುವವರಿಲ್ಲ ಅನ್ನಬೇಡಿ. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಇವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುವುದು, ಟ್ರ್ಯಾಕಿನಲ್ಲಿ ಬೆರಳ ಮೇಲೆ ಓಡಬೇಕು, ಆ ವೇಗದಲ್ಲಿ ಕೋಣಗಳ ಪಾಲೂ ಇದೆ ಅಂತ ಸರಿಯಾಗೇ ಹೇಳಿದರು. ಇಡೀ ದೇಶದಲ್ಲಿ ಆ ವಾರ ತಲೆ ನೆಟ್ಟಗಿದ್ದದ್ದು ಅವರೊಬ್ಬರದ್ದೇ. ಭಾಗಾಕಾರ ಮಾಡಿ ಬೋಲ್ಟ್‌ನನ್ನು ಸೋಲಿಸಿದ್ದು ನಾವು. ಅದೇ ತಿಂಗಳು ವೇಣೂರಿನಲ್ಲಿ ಇನ್ನೊಬ್ಬರು ಅದಕ್ಕಿಂತ ಜೋರಾಗಿ ಓಡಿದರು, ಆಗ ನಮಗೆ ಬೋಲ್ಟ್ ನೆನಪೂ ಇರಲಿಲ್ಲ.

ದೊಡ್ಡಪ್ಪ: ಭಾವಾ, ನೀವು 30 ವರ್ಷ ಪಿ.ಟಿ. ಮೇಷ್ಟ್ರು. ಎಷ್ಟು ಪದಕ ತಂದಿರಿ?

ಪಿ.ಟಿ. ಮಾವ: ಒಂದೂ ಇಲ್ಲ. ನನ್ನ ಪೀರಿಯಡ್ಡುಗಳಲ್ಲಿ ಅರ್ಧ ಗಣಿತದ ಮೇಷ್ಟ್ರಿಗೆ ಹೋದವು, ಜನವರಿ ಬಂತು ಅಂದರೆ ಹತ್ತನೇ ಕ್ಲಾಸಿನವರು ಮೈದಾನದ ಕಡೆ ತಲೆ ಹಾಕುವ ಹಾಗಿರಲಿಲ್ಲ. ಉಳಿದರ್ಧ ಆಗಸ್ಟ್ 15ರ ಕವಾಯತು, ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ. ಸಾಮಾನು ಅಂದರೆ ಎರಡು ವಾಲಿಬಾಲು, ಒಂದು ಹರಿದ ಬಲೆ, ಒಂದು ಕಬ್ಬಿಣದ ಗುಂಡು. ಬಾಲು ಒಡೆಯುತ್ತದೆ, ಬಲೆ ಹರಿಯುತ್ತದೆ, ಗುಂಡು ಮಾತ್ರ ಸವೆಯುವುದಿಲ್ಲ. ಅದಕ್ಕೇ ನಮ್ಮ ಶಾಲೆಯಲ್ಲಿ ಗುಂಡು ಎಸೆಯುವವರೇ ಜಾಸ್ತಿ.

ಚಿಕ್ಕಮ್ಮ: ಊಟದ್ದೂ ಸೇರಿಸಿ. ಅಂಗನವಾಡಿಯಲ್ಲಿ ಮಕ್ಕಳ ಎತ್ತರ ಅಳೆಯುವವಳು ನಾನು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ನೂರಕ್ಕೆ ಮೂವತ್ತೈದು ಮಕ್ಕಳು ಓಟ ಶುರುವಾಗುವ ಮೊದಲೇ ಹಿಂದೆ ಉಳಿದರು. ನಾವು ಇಲ್ಲಿ ಮೊಟ್ಟೆ ಕೊಡಬೇಕಾ ಬೇಡವಾ ಅಂತ ಜಗಳ ಆಡುತ್ತಿದ್ದೇವೆ.

ದೊಡ್ಡಪ್ಪ: ಎಲ್ಲಾ ನೆಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆ.ಡಿ. ಜಾಧವ್‌ಗೆ ಏನಿತ್ತು? 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕುಸ್ತಿಯಲ್ಲಿ ಕಂಚು ತರಲಿಲ್ಲವಾ? ಮೀರಾಬಾಯಿ ಚಾನು ಮರಳು ಲಾರಿ ಹತ್ತಿಕೊಂಡು ತರಬೇತಿಗೆ ಹೋಗುತ್ತಿದ್ದಳು. ಮನಸ್ಸಿದ್ದರೆ ಮಾರ್ಗ.

ನಾನು: ದೊಡ್ಡಪ್ಪ, ನೆಲ ಡೊಂಕು ಅಂತ ನೀವೇ ತೆಗೆದಿದ್ದು ಒಳ್ಳೆಯದಾಯಿತು, ಹಾಕಿಯಲ್ಲಿ ಆಗಿದ್ದು ಅದೇ. 1928ರಿಂದ 1956ರವರೆಗೆ ಸಾಲಾಗಿ ಆರು ಚಿನ್ನ ನಮ್ಮದು. 1972ರಲ್ಲೂ ಕಂಚು ಇತ್ತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಹಾಕಿದರು, ನಾವು 7ನೇ ಸ್ಥಾನಕ್ಕೆ ಬಿದ್ದೆವು. ನಾಲ್ಕೇ ವರ್ಷದಲ್ಲಿ ಛಲ ಆವಿಯಾಗಿ ಹೋಯಿತಾ? ಹುಲ್ಲು ಮಣ್ಣಿನಲ್ಲಿ ಕಲಿತ ಹುಡುಗರು ಹೋಗಿ ಹಾಸಿನ ಮೇಲೆ ಆಡಬೇಕು, ಆ ಹಾಸು ಊರೂರಲ್ಲಿ ಹಾಕಿಸಲು ದುಡ್ಡಿಲ್ಲ, ಹಾಕಿಸಿದರೆ ಅದಕ್ಕೆ ಹೊಯ್ಯಲು ನೀರಿಲ್ಲ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತು ನಿಜ, ಅದು ಅಮೆರಿಕದ ಕಡೆಯವರು ಬಹಿಷ್ಕಾರ ಹಾಕಿದ ವರ್ಷ. ಅಲ್ಲಿಂದ 41 ವರ್ಷ ಏನೂ ಇಲ್ಲ. ಈ ಕಡೆ ಕೊಡಗಿನಲ್ಲಿ ಮನೆತನಕ್ಕೊಂದು ತಂಡ ಕಟ್ಟಿ ಆಡುತ್ತಾರೆ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡಗಳು ಇಳಿದಿದ್ದವು. ಅವರಿಗೆ ಛಲ ಇಲ್ಲ ಅಂತ ಅಲ್ಲಿ ಹೋಗಿ ಹೇಳಿ ನೋಡೋಣ, ಎಲ್ಲರ ಕೈಯಲ್ಲೂ ಹಾಕಿ ಕೋಲಿರುತ್ತದೆ. 2018ರಲ್ಲಿ ಒಡಿಶಾ ಸರಕಾರ ರಾಷ್ಟ್ರೀಯ ತಂಡದ ಖರ್ಚಿಗೆ ನಿಂತಿತು. ಆಮೇಲೆ ಟೋಕಿಯೋದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ಅದೊಂದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಸುಭಾಷಿತದಿಂದ ಬಂದಿದ್ದಂತೂ ಅಲ್ಲ.

ಇನ್ನು ಜಾಧವ್. ಅವರನ್ನು ಕಳಿಸಲು ಊರಿನವರು ಚಂದಾ ಎತ್ತಿದರು, ಕೊಲ್ಹಾಪುರದ ಅವರ ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆ ಅಡವಿಟ್ಟರು. ಫಾರ್ವರ್ಡ್ ಮಾಡುವವರು ಆ ಭಾಗ ಬಿಟ್ಟುಬಿಡುತ್ತಾರೆ. ಅವರಾದ ಮೇಲೆ ಒಲಿಂಪಿಕ್ಸ್‌ನಲ್ಲಿ ನಮ್ಮ ಇನ್ನೊಂದು ವೈಯಕ್ತಿಕ ಪದಕ ಬಂದಿದ್ದು 1996ರಲ್ಲಿ, ಲಿಯಾಂಡರ್ ಪೇಸ್ ಅವರದ್ದು. ನಡುವೆ 44 ವರ್ಷ. ಅಷ್ಟೂ ವರ್ಷ ಮನೆ ಅಡವಿಡುವ ಪ್ರಿನ್ಸಿಪಾಲರು ಸಿಗಲಿಲ್ಲ ಅನ್ನಬೇಕಷ್ಟೆ.

ಚಿಕ್ಕಪ್ಪ: ಇಷ್ಟುದ್ದ ಬರೆದರೆ ನೆಟ್‌ವರ್ಕ್ ಇಲ್ಲದವರು ಏನು ಮಾಡಬೇಕು?

ದೊಡ್ಡಪ್ಪ: ಹಾಗಾದರೆ ಪ್ಯಾರಾಲಿಂಪಿಕ್ಸ್‌ನವರು ಹೇಗೆ ಗೆದ್ದರು? ಅದೇ ಪ್ಯಾರಿಸ್, 29 ಪದಕ, 7 ಚಿನ್ನ. ನಮ್ಮ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಐಎಎಸ್ ಕೆಲಸ ಮಾಡಿಕೊಂಡೇ ಬ್ಯಾಡ್ಮಿಂಟನ್‌ನಲ್ಲಿ ಎರಡು ಸಲ ಬೆಳ್ಳಿ ತಂದರು. ಇದಕ್ಕೆ ಛಲ ಅನ್ನದೆ ಏನನ್ನಬೇಕು?

ಪಿ.ಟಿ. ಮಾವ: ಛಲ ಅಂತಲೇ ಅನ್ನಿ, ಬೇಡ ಅಂದವರು ಯಾರು? ಆದರೆ ಲೆಕ್ಕ ನೋಡಿ. 2016ರ ರಿಯೋದಲ್ಲಿ ಪ್ಯಾರಾದಲ್ಲಿ ನಮಗೆ 4. ಟೋಕಿಯೋದಲ್ಲಿ 19. ಪ್ಯಾರಿಸ್‌ನಲ್ಲಿ 29. ಎಂಟು ವರ್ಷದಲ್ಲಿ ಛಲ ಏಳು ಪಟ್ಟು ಬೆಳೆಯಿತಾ? ಕೋಚ್ ಬಂದರು, ದುಡ್ಡು ಬಂತು, ಹೊರದೇಶದ ಕೂಟಗಳಿಗೆ ಕಳಿಸಿದರು. ಛಲ ಮೊದಲೂ ಇತ್ತು. ಇನ್ನೊಂದು ಮಾತು ಭಾವನವರೇ, ನೀವು ಬೈದ ಅದೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಆರು ಸಲ ನಾಲ್ಕನೇ ಸ್ಥಾನಕ್ಕೆ ಬಂದರು. 1984ರಲ್ಲಿ ಪಿ.ಟಿ. ಉಷಾಗೆ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಛಲ ಇಲ್ಲದವರು ಜಗತ್ತಿಗೆ ನಾಲ್ಕನೆಯವರಾಗುತ್ತಾರಾ?

ಮೈಸೂರು ಅತ್ತೆ: ಅಣ್ಣಾ, ಬೆಳಗ್ಗೆಯಿಂದ ಓದುತ್ತಿದ್ದೇನೆ, ಸುಮ್ನೆ ಇರೋಣ ಅಂದುಕೊಂಡಿದ್ದೆ. ಸಂಸ್ಕೃತ ಪಾಠ ಮಾಡಿದವಳಿಗೆ ಆಗುವುದಿಲ್ಲ. ನೀನು ಕಳಿಸಿದ ಮಾತಿನ ಮೂಲ ಕಠೋಪನಿಷತ್ತು. "ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ ನಿಬೋಧತ." ಏಳಿ, ಎಚ್ಚರಾಗಿ, ಇಲ್ಲಿಯವರೆಗೆ ಸರಿ. ಆಮೇಲೆ "ವರಾನ್". ಅಂದರೆ ಶ್ರೇಷ್ಠರು, ಶಂಕರರು ಭಾಷ್ಯದಲ್ಲಿ ಆಚಾರ್ಯರು ಅಂತಲೇ ಬಿಡಿಸಿದ್ದಾರೆ. ಒಳ್ಳೆಯ ಗುರುಗಳ ಹತ್ತಿರ ಹೋಗಿ ಕಲಿಯಿರಿ ಅಂತ ಇರುವುದು. ಅಲ್ಲಿ ಗುರಿ ಇಲ್ಲ ಅಣ್ಣಾ, ಗುರು ಇದ್ದಾರೆ. ವಿವೇಕಾನಂದರು ಮಲಗಿದ್ದ ಜನಕ್ಕೆ ಹುರುಪು ಬರಲಿ ಅಂತ ತಮ್ಮ ರೀತಿಯಲ್ಲಿ ಹೇಳಿದರು, ಅದರಲ್ಲಿ ತಪ್ಪಿಲ್ಲ. ಆದರೆ ಅವರೇ 1897ರಲ್ಲಿ ಮದರಾಸಿನಲ್ಲಿ ಇನ್ನೊಂದು ಮಾತು ಹೇಳಿದ್ದರು, ಗೀತೆ ಓದುವುದಕ್ಕಿಂತ ಫುಟ್‌ಬಾಲ್ ಆಡಿದರೆ ಸ್ವರ್ಗಕ್ಕೆ ಹತ್ತಿರವಾಗುತ್ತೀರಿ ಅಂತ. ಅದನ್ನು ನೀನು ಒಂದು ದಿನವೂ ಕಳಿಸಿಲ್ಲ.

ಮೂಡಬಿದಿರೆ ಭಾವ: ಗೋಲ್!

ದೊಡ್ಡಪ್ಪ: ಪುಟ್ಟಿ, ನೀನು ಇದನ್ನೆಲ್ಲಾ ಓದುತ್ತಾ ಕೂರಬೇಡ. ಗಣಿತ ಟ್ಯೂಷನ್ನಿಗೆ ಹೊತ್ತಾಯಿತು.

ಪುಟ್ಟಿ: ಇವತ್ತು ಹೋಗುವುದಿಲ್ಲ ದೊಡ್ಡಪ್ಪ. ಬುಧವಾರ ಸಾಗರದಲ್ಲಿ ತಾಲೂಕು ಮಟ್ಟದ 400 ಮೀಟರ್ ಇದೆ, ಅಭ್ಯಾಸ ಮಾಡಬೇಕು.

ದೊಡ್ಡಪ್ಪ: ಒಂಬತ್ತನೇ ಕ್ಲಾಸು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಓಡಿ ಓಡಿ ಯಾರು ಉದ್ಧಾರ ಆಗಿದ್ದಾರೆ?

ಮೂಡಬಿದಿರೆ ಭಾವ: ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಮೇಲೆ ಛಲ ಇಲ್ಲ, ಕೆಳಗೆ ಓಡಬೇಡ. ಫ್ರೇಮ್ ಹಾಕಿಸುತ್ತೇನೆ.

ಆಕ್ಲೆಂಡ್ ಅಕ್ಕ: ಅಪ್ಪಾ...

(ಇಲ್ಲಿ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಮೇಲೆ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.)

ಮೈಸೂರು ಅತ್ತೆ: 1979ರಲ್ಲಿ ನನಗೂ ಇದೇ ಮಾತು ಹೇಳಿದ್ದೆ ಅಣ್ಣಾ. ಉದ್ದಜಿಗಿತದಲ್ಲಿ ತಾಲೂಕಿಗೆ ಮೊದಲು ಬಂದಿದ್ದೆ, ಜಿಲ್ಲಾ ಮಟ್ಟಕ್ಕೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಅಂಗಳದಲ್ಲಿ ನಿಂತು ಬೇಡ ಅಂದೆ ನೀನು. ಹಾರಿ ಯಾರು ಉದ್ಧಾರ ಆಗಿದ್ದಾರೆ ಅಂದೆ.

ದೊಡ್ಡಪ್ಪ: ನಾನಲ್ಲ. ಅಪ್ಪ ಹೇಳಿದ್ದು.

ಮೈಸೂರು ಅತ್ತೆ: ಅಪ್ಪ ಅವತ್ತು ಊರಲ್ಲೇ ಇರಲಿಲ್ಲ.

ಪಿ.ಟಿ. ಮಾವ: ಉದ್ದಜಿಗಿತವಾ? ಮದುವೆಯಾಗಿ 38 ವರ್ಷ ಆಯಿತು, ನನಗೆ ಇದು ಗೊತ್ತೇ ಇಲ್ಲ.

ಮೈಸೂರು ಅತ್ತೆ: ನಿಮ್ಮ ಗುಂಡು ಎಸೆತದ ಕಥೆ ಮುಗಿದಿದ್ದರೆ ತಾನೇ ಹೇಳುವುದು.

ಚಿಕ್ಕಪ್ಪ: ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಅಮ್ಮ ಹೇಳಿದ್ದನ್ನು ಹಾಗೇ ಟೈಪ್ ಮಾಡುತ್ತಿದ್ದೇನೆ. "ಅವನೂ ಅಲ್ಲ, ನಿಮ್ಮಪ್ಪನೂ ಅಲ್ಲ. ಬೇಡ ಅಂದವಳು ನಾನು, ಅವನ ಬಾಯಲ್ಲಿ ಹೇಳಿಸಿದೆ. ಹುಡುಗಿ ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲ, ಇಬ್ಬರ ಬಸ್ ಚಾರ್ಜು ಬೇಕಿತ್ತು. ಅಡಿಕೆ ಇನ್ನೂ ಕೊಯ್ದಿರಲಿಲ್ಲ, ಡಬ್ಬಿಯಲ್ಲಿ ದುಡ್ಡಿರಲಿಲ್ಲ. ದುಡ್ಡಿಲ್ಲ ಅಂದಿದ್ದರೆ ನೀನು ಅಳುತ್ತಿದ್ದೆ. ಓದಿಕೋ ಅಂದರೆ ಸಿಟ್ಟು ಮಾಡಿಕೊಂಡು ಎರಡು ದಿನಕ್ಕೆ ಸರಿಯಾಗುತ್ತಿದ್ದೆ."

ಮೈಸೂರು ಅತ್ತೆ: ಅಮ್ಮಾ, ಇಷ್ಟು ವರ್ಷ ಹೇಳಲೇ ಇಲ್ಲವಲ್ಲ.

ಚಿಕ್ಕಪ್ಪ: "ನೀನು ಕೇಳಲಿಲ್ಲ. ಹಲಸಿನ ಹಪ್ಪಳ ಒಣಗಿದೆ, ಮೈಸೂರಿಗೆ ಎಷ್ಟು ಕಟ್ಟಲಿ?" ಅಂತ ಕೇಳುತ್ತಿದ್ದಾಳೆ.

ಮೈಸೂರು ಅತ್ತೆ: ಐವತ್ತು.

ದೊಡ್ಡಪ್ಪ: ಪುಟ್ಟಿ, ಬುಧವಾರ ಬಸ್ಸಿಗೆ ದುಡ್ಡಿದೆಯಾ?

ಪುಟ್ಟಿ: ನನಗೆ ಫ್ರೀ ಅಲ್ವಾ ದೊಡ್ಡಪ್ಪ, ಶಕ್ತಿ ಯೋಜನೆ. ಆದರೆ ನಮ್ಮೂರಿಗೆ ಬರುವುದು ಪ್ರೈವೇಟ್ ಬಸ್ಸು.