ಡ್ರಾಫ್ಟ್, ಫಾರಿನ್ ಎಕ್ಸ್‌ಟ್ರಾ, ಲಯನ್: ಮೂರೂ ಸ್ಟೌಟ್ ಆಗಿದ್ದರೆ ರುಚಿ ಇಷ್ಟು ಬೇರೆ ಏಕೆ?

ತುಂಗಾತೀರ (ಡಬ್ಲಿನ್), ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು, ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಡಬ್ಲಿನ್‌ನಲ್ಲಿದ್ದೇನೆ. ಊರಿನಲ್ಲಿದ್ದಾಗ ನನಗೆ ಗೊತ್ತಿದ್ದದ್ದು ತಿಳಿಬಣ್ಣದ ಲಾಗರ್ ಬಿಯರ್ ಒಂದೇ. ಸ್ಟೌಟ್ ಎಂಬ ಕಪ್ಪು ಬಿಯರ್ ಅದಕ್ಕಿಂತ ಹೆಚ್ಚು ಅಮಲೇರಿಸುವ, ಹೊಟ್ಟೆ ತುಂಬಿಸುವ ಪಾನೀಯವಿರಬೇಕೆಂದು ಊಹಿಸಿದ್ದೆ. ಇಲ್ಲಿನ ಪಬ್‌ನಲ್ಲಿ ಗಿನ್ನೆಸ್ ಡ್ರಾಫ್ಟ್ ಕುಡಿದ ಮೇಲೆ ಆ ಊಹೆ ನಿಲ್ಲಲಿಲ್ಲ. ಕೆನೆಯಂಥ ನೊರೆ, ಹುರಿದ ಕಾಫಿಬೀಜದ ಕಹಿ, ನುಂಗಿದ ಮೇಲೆ ನಾಲಗೆ ಒಣಗಿದಂಥ ಅನುಭವ ಎಲ್ಲವೂ ಇದ್ದವು, ಆದರೆ ಮದ್ಯಸಾರ ಶೇ. 4.2ರ ಆಸುಪಾಸು ಮಾತ್ರ.

ಕಳೆದ ತಿಂಗಳು ಅದೇ ಕಂಪನಿಯ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಬಾಟಲಿಯನ್ನು ಕೊಂಡು ತಂದೆ. ಅದರಲ್ಲಿ ಮದ್ಯಸಾರ ಶೇ. 7.5. ನೊರೆ ಒರಟಾಗಿತ್ತು, ಗ್ಯಾಸು ನಾಲಗೆಯನ್ನು ಚುಚ್ಚುತ್ತಿತ್ತು, ಕಹಿಯ ಹಿಂದೆಯೇ ಒಂದು ಸಣ್ಣ ಹುಳಿ ಬರುತ್ತಿತ್ತು. ಅದಾದ ಮೇಲೆ ಲಂಡನ್ನಿನ ಗೆಳೆಯನ ಮನೆಯಲ್ಲಿ ಶ್ರೀಲಂಕಾದ ಲಯನ್ ಸ್ಟೌಟ್ ಕುಡಿದೆ. ಅದು ಇನ್ನೂ ಗಟ್ಟಿ, ಅದರ ಸಿಹಿಯಂತೂ ಬೆಲ್ಲದ ಪಾಕವನ್ನೂ ಒಣದ್ರಾಕ್ಷಿಯನ್ನೂ ನೆನಪಿಸಿತು. ಬಣ್ಣ ಮಾತ್ರ ಮೂರರದ್ದೂ ಒಂದೇ.

ಅಂಗಡಿಯಲ್ಲಿ ಇದರ ಜೊತೆಗೆ ಓಟ್‌ಮೀಲ್ ಸ್ಟೌಟ್, ಮಿಲ್ಕ್ ಸ್ಟೌಟ್, ಇಂಪೀರಿಯಲ್ ಸ್ಟೌಟ್ ಎಂಬ ಹೆಸರುಗಳನ್ನೂ ನೋಡಿದ್ದೇನೆ. ಈ ಬಗೆಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಬೇಕಾಗಿರುವುದು ಕಾರಣ: ತಯಾರಿಕೆಯ ಯಾವ ಹಂತದಲ್ಲಿ, ಯಾವುದರಿಂದ ಈ ವ್ಯತ್ಯಾಸ ಹುಟ್ಟುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹೊಂಬಾಳೆ (ಲಂಡನ್)

ತುಂಗಾತೀರ ಅವರೇ, ನೀವು ಬಣ್ಣದಿಂದ ಆರಂಭಿಸಿದ್ದೀರಿ, ಗೊಂದಲದ ಮೂಲವೂ ಅಲ್ಲಿಯೇ ಇದೆ. ಸ್ಟೌಟ್ ಎಂಬ ಪದಕ್ಕೂ ಕಪ್ಪು ಬಣ್ಣಕ್ಕೂ ಮೊದಲಿಗೆ ಯಾವ ಸಂಬಂಧವೂ ಇರಲಿಲ್ಲ. ಬಿಯರಿನ ವಿಷಯದಲ್ಲಿ ಆ ಪದ 1677ರ ಒಂದು ಹಸ್ತಪ್ರತಿಯಲ್ಲಿಯೇ ಕಾಣಿಸಿಕೊಂಡಿದೆ, ಅಲ್ಲಿ ಅದರ ಅರ್ಥ ‘ಬಲವಾದದ್ದು’ ಎಂದಷ್ಟೇ. ಹದಿನೆಂಟನೆಯ ಶತಮಾನದಲ್ಲಿ ತಿಳಿಬಣ್ಣದ ಸ್ಟೌಟ್ ಕೂಡ ಮಾರಾಟದಲ್ಲಿತ್ತು. ಅದೇ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ಕೂಲಿಗಾರರ ನಡುವೆ ಪೋರ್ಟರ್ ಎಂಬ ಕಂದು ಬಿಯರ್ ಜನಪ್ರಿಯವಾಯಿತು. ಅದನ್ನೇ ಹೆಚ್ಚು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿ ಬಲವಾಗಿ ತಯಾರಿಸಿದಾಗ ‘ಸ್ಟೌಟ್ ಪೋರ್ಟರ್’ ಎಂದು ಕರೆದರು. ಕಾಲಕ್ರಮೇಣ ಪೋರ್ಟರ್ ಎಂಬ ಪದ ಬಿದ್ದುಹೋಗಿ, ವಿಶೇಷಣವೇ ಹೆಸರಾಗಿ ಉಳಿಯಿತು. ಪೋರ್ಟರ್‌ಗೂ ಸ್ಟೌಟ್‌ಗೂ ನಡುವೆ ಗಟ್ಟಿಯಾದ ಗೆರೆ ಎಳೆಯಲು ಇಂದಿಗೂ ಸಾಧ್ಯವಾಗದಿರುವುದಕ್ಕೆ ಇದೇ ಕಾರಣ.

ಕಪ್ಪು ಬಣ್ಣದ ಕಥೆ ಬೇರೆ, ನನಗೆ ಬಹಳ ಪ್ರಿಯವಾದ ಕಥೆಯೂ ಹೌದು. ಆರಂಭದ ಪೋರ್ಟರನ್ನು ಬಹುಮಟ್ಟಿಗೆ ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ ಬ್ರೂವರಿಗಳಿಗೆ ಕಾಲಿಟ್ಟಿತು. ಕಂದು ಮಾಲ್ಟ್ ಅಗ್ಗವೆಂದು ಅದುವರೆಗೆ ನಂಬಿದ್ದವರಿಗೆ, ಅದರಿಂದ ಇಳಿಯುವ ಸಕ್ಕರೆಯಂಶ ತಿಳಿಬಣ್ಣದ ಮಾಲ್ಟಿಗಿಂತ ಎಷ್ಟೋ ಕಡಿಮೆಯೆಂಬುದು ಅಳತೆಯಲ್ಲಿ ಕಂಡಿತು. ಎಲ್ಲರೂ ತಿಳಿ ಮಾಲ್ಟಿಗೆ ಹೊರಳಿದರು, ಆದರೆ ಬಣ್ಣ ಹೋಯಿತು. ಸುಟ್ಟ ಸಕ್ಕರೆಯಂಥ ವಸ್ತುಗಳಿಂದ ಬಣ್ಣ ಕಟ್ಟುವುದಕ್ಕೆ ಅಬಕಾರಿ ಕಾನೂನು ಅಡ್ಡಬಂದಿತು. ಈ ಇಕ್ಕಟ್ಟನ್ನು ಬಿಡಿಸಿದವರು ಡೇನಿಯಲ್ ವೀಲರ್. ಕಾಫಿ ಹುರಿಯುವ ಯಂತ್ರದಂತೆ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಬೆಂಕಿ ಹೊತ್ತಿಕೊಳ್ಳದಂತೆ ಕಡುಕಪ್ಪಾಗಿ ಹುರಿಯುವ ವಿಧಾನಕ್ಕೆ ಅವರು 1817ರಲ್ಲಿ ಪೇಟೆಂಟ್ ಪಡೆದರು. ಆ ಮಾಲ್ಟನ್ನು ಇಂದಿಗೂ ಬ್ಲ್ಯಾಕ್ ಪೇಟೆಂಟ್ ಮಾಲ್ಟ್ ಎನ್ನುತ್ತಾರೆ. ಹಿಡಿಯಷ್ಟು ಹಾಕಿದರೂ ಇಡೀ ಪಾತ್ರೆ ಕಪ್ಪಾಗುತ್ತದೆ. ಬಣ್ಣ ಮತ್ತು ಬಲ ಎರಡೂ ಬೇರೆ ಬೇರೆ ಕಾಳುಗಳಿಂದ ಬರತೊಡಗಿದ್ದು ಅಂದಿನಿಂದ. ಆದ್ದರಿಂದಲೇ ನಿಮ್ಮ ಮೂರೂ ಗ್ಲಾಸುಗಳು ಒಂದೇ ಬಣ್ಣದಲ್ಲಿದ್ದು, ಬಲದಲ್ಲಿ ದೂರ ದೂರ ನಿಂತಿವೆ.

ಇನ್ನು ನಿಮ್ಮ ಎರಡನೆಯ ಬಾಟಲಿ. ಆರ್ಥರ್ ಗಿನ್ನೆಸ್ ಡಬ್ಲಿನ್ನಿನ ಸೇಂಟ್ ಜೇಮ್ಸಸ್ ಗೇಟ್‌ನಲ್ಲಿ ಬ್ರೂವರಿಯನ್ನು ಗುತ್ತಿಗೆಗೆ ಹಿಡಿದದ್ದು 1759ರಲ್ಲಿ. 1801ರ ಹೊತ್ತಿಗೆ ಆ ಸಂಸ್ಥೆ ಕೆರಿಬಿಯನ್ ದ್ವೀಪಗಳಿಗೆಂದೇ ವೆಸ್ಟ್ ಇಂಡಿಯಾ ಪೋರ್ಟರ್ ತಯಾರಿಸುತ್ತಿತ್ತು. ವಾರಗಟ್ಟಲೆ ಹಡಗಿನ ಸೆಕೆಯಲ್ಲಿ ಬಿಯರ್ ಕೆಡದಿರಲು ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂವು) ಹೆಚ್ಚು ಹಾಕಿ, ಮದ್ಯಸಾರವನ್ನೂ ಏರಿಸಿದರು. ಇಂದಿನ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಅದರ ನೇರ ವಂಶ. ನೀವು ಗುರುತಿಸಿದ ಆ ಸಣ್ಣ ಹುಳಿಗೂ ಹಿನ್ನೆಲೆಯಿದೆ: ಮರದ ದೊಡ್ಡ ಪಾತ್ರೆಗಳಲ್ಲಿ ತಿಂಗಳುಗಟ್ಟಲೆ ಹಣ್ಣಾಗಿ ಹುಳಿತಿರುಗಿದ ಹಳೆಯ ಸ್ಟೌಟನ್ನು ಹೊಸತಿಗೆ ಸ್ವಲ್ಪ ಬೆರೆಸುವುದು ಹಿಂದಿನ ಪದ್ಧತಿಯಾಗಿತ್ತು.

ಇಂಪೀರಿಯಲ್ ಸ್ಟೌಟ್ ಹುಟ್ಟಿದ್ದು ಇನ್ನೊಂದು ದಿಕ್ಕಿನ ಸಮುದ್ರಯಾನದಿಂದ. ಇಲ್ಲಿ ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಅವರ ಆ್ಯಂಕರ್ ಬ್ರೂವರಿ ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಅತಿ ಬಲವಾದ ಸ್ಟೌಟನ್ನು ಕಳುಹಿಸುತ್ತಿತ್ತು. 1781ರಲ್ಲಿ ಬ್ರೂವರಿ ಬಾರ್ಕ್ಲೇ ಪರ್ಕಿನ್ಸ್ ಕೈಸೇರಿದ ಮೇಲೂ ಆ ವ್ಯಾಪಾರ ಮುಂದುವರಿಯಿತು. ಇಂದು ಆ ಹೆಸರಿನಲ್ಲಿ ಬರುವವು ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ಮದ್ಯಸಾರದವು.

ಒಲೆಯುರಿ (ಲೀಡ್ಸ್)

ಹೊಂಬಾಳೆಯವರು ಚರಿತ್ರೆಯನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾನು ಹವ್ಯಾಸಕ್ಕಾಗಿ ಮನೆಯಲ್ಲಿ ಬಿಯರ್ ತಯಾರಿಸುವವನಾದ್ದರಿಂದ ಪಾತ್ರೆಯ ಕಡೆಯಿಂದ ಉತ್ತರಿಸುತ್ತೇನೆ. ಯಾವುದೇ ಸ್ಟೌಟಿನ ಸ್ವಭಾವ ತಿಳಿಯಲು ನಾನು ಮೊದಲು ನೋಡುವುದು ಎರಡು ಸಾಂದ್ರತೆಗಳನ್ನು: ಯೀಸ್ಟ್ ಹಾಕುವ ಮೊದಲಿನದು ಮತ್ತು ಹುದುಗುವುದು ಮುಗಿದ ಮೇಲಿನದು. ಮೊದಲನೆಯದು ಎಷ್ಟು ಸಕ್ಕರೆಯಿತ್ತೆಂದು ಹೇಳುತ್ತದೆ, ಎರಡನೆಯದು ಎಷ್ಟು ಉಳಿಯಿತೆಂದು. ಮದ್ಯಸಾರ ಇವೆರಡರ ಅಂತರದಿಂದ ಬರುತ್ತದೆ, ಬಾಯಿಗೆ ಸಿಗುವ ಸಿಹಿ ಮತ್ತು ಮಂದ ಉಳಿಕೆಯಿಂದ ಬರುತ್ತವೆ.

ನೀರಿನ ಸಾಂದ್ರತೆಯನ್ನು 1.000 ಎಂದು ಹಿಡಿದರೆ, ಡಬ್ಲಿನ್ ಮಾದರಿಯ ಐರಿಷ್ ಡ್ರೈ ಸ್ಟೌಟ್ ಸುಮಾರು 1.040ರಿಂದ ಹೊರಟು 1.009ರ ಹತ್ತಿರ ನಿಲ್ಲುತ್ತದೆ. ಹೊರಟದ್ದೇ ಕಡಿಮೆ ಸಕ್ಕರೆಯಿಂದ, ಅದರಲ್ಲಿಯೂ ಬಹುಪಾಲನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ. ಆದ್ದರಿಂದ ಬಾಯಿ ಒಣಗಿದಂತಾಗುತ್ತದೆ. ಮಿಲ್ಕ್ ಸ್ಟೌಟ್ 1.050ರಿಂದ ಹೊರಟು 1.020ರಲ್ಲಿ ನಿಂತುಬಿಡಬಹುದು. ಇವೆರಡರ ಮದ್ಯಸಾರ ಹೆಚ್ಚುಕಡಿಮೆ ಒಂದೇ, ಆದರೆ ಕುಡಿದವರಿಗೆ ಎರಡನ್ನೂ ಒಂದೇ ಜಾತಿಯೆಂದು ನಂಬುವುದು ಕಷ್ಟ. ಇಂಪೀರಿಯಲ್ ಸ್ಟೌಟಿನಲ್ಲಿ ಆರಂಭವೇ 1.075ರ ಮೇಲೆ, ಕೊನೆಗೆ 1.018ರಿಂದ 1.030ರವರೆಗೆ ಉಳಿಯುತ್ತದೆ. ಅದನ್ನು ಸಣ್ಣ ಗ್ಲಾಸಿನಲ್ಲಿ ಕೊಡುವುದು ಸರಿಯಾಗಿಯೇ ಇದೆ.

ನಂತರದ ಪ್ರಶ್ನೆ, ಹುರಿದದ್ದು ಏನು ಎಂಬುದು. ಡಬ್ಲಿನ್ ಮಾದರಿಯಲ್ಲಿ ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಬಳಸುತ್ತಾರೆ. ನಾನು ಮಾಡುವಾಗ ತಿಳಿ ಮಾಲ್ಟ್ ಶೇ. 70, ಅವಲಕ್ಕಿಯಂತೆ ಒತ್ತಿದ ಬಾರ್ಲಿ ಶೇ. 20, ಹುರಿದ ಬಾರ್ಲಿ ಶೇ. 10 ಎಂಬ ಲೆಕ್ಕ ಹಿಡಿಯುತ್ತೇನೆ. ಹುರಿದ ಬಾರ್ಲಿ ಕಾಫಿಯಂಥ ಚೂಪಾದ ಕಹಿಯನ್ನು ಕೊಡುತ್ತದೆ. ಅದಕ್ಕಿಂತ ಕಡಿಮೆ ಹುರಿದ ಚಾಕೊಲೇಟ್ ಮಾಲ್ಟ್ ಕೋಕೋದ ಕಡೆಗೆ ವಾಲುತ್ತದೆ (ಆ ಹೆಸರು ಬಣ್ಣವನ್ನು ನೋಡಿ ಇಟ್ಟದ್ದು, ಅದರಲ್ಲಿ ಚಾಕೊಲೇಟ್ ಇರುವುದಿಲ್ಲ). ನಮ್ಮ ಮನೆಗಳಲ್ಲಿ ಹುರಿಹಿಟ್ಟಿಗೆಂದು ರಾಗಿಯನ್ನು ಹುರಿಯುವಾಗ ಒಂದು ನಿಮಿಷ ಹೆಚ್ಚಾದರೆ ಪರಿಮಳ ಹೋಗಿ ಕರಕಲು ಕಹಿ ಬರುವುದನ್ನು ನೋಡಿದವರಿಗೆ, ಹುರಿಯುವ ಹದವೊಂದೇ ಎಷ್ಟು ರುಚಿಗಳನ್ನು ಹುಟ್ಟಿಸಬಲ್ಲದೆಂದು ವಿವರಿಸಬೇಕಾಗಿಲ್ಲ.

ಓಟ್‌ಮೀಲ್ ಸ್ಟೌಟಿನಲ್ಲಿ ಓಟ್ಸ್ ರುಚಿಗಿಂತ ಹೆಚ್ಚಾಗಿ ಬಾಯಿಯ ಹದಕ್ಕಾಗಿ ಇರುತ್ತದೆ. ಅದರ ಬೀಟಾ ಗ್ಲೂಕನ್ ಎಂಬ ನಾರಿನಂಶ ಗಂಜಿಯ ನುಣುಪನ್ನು ಕೊಡುತ್ತದೆ. ಲಂಡನ್ನಿನ ಹಳೆಯ ಕೆಲವು ಓಟ್‌ಮೀಲ್ ಸ್ಟೌಟ್‌ಗಳಲ್ಲಿ ಓಟ್ಸ್ ಹೆಸರಿಗಷ್ಟೇ ಇತ್ತು. ಆಮೇಲೆ ಈ ಬಗೆಯೇ ಮರೆಯಾಗಿತ್ತು. ನಮ್ಮ ಯಾರ್ಕ್‌ಶೈರ್‌ನ ಟ್ಯಾಡ್‌ಕಾಸ್ಟರ್ ಊರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ 1980ರಲ್ಲಿ ಅಮೆರಿಕದ ಆಮದುದಾರರ ಕೋರಿಕೆಯ ಮೇರೆಗೆ ಅದನ್ನು ಮತ್ತೆ ತಯಾರಿಸಿತು, ಈಗ ಕಾಣುವ ಓಟ್‌ಮೀಲ್ ಸ್ಟೌಟ್‌ಗಳಿಗೆಲ್ಲ ಅದೇ ದಾರಿ ತೋರಿಸಿತು. ಮೊದಲ ಬಾರಿಗೆ ಈ ಬಗೆಯನ್ನು ಕುಡಿಯುವವರು ಅದರಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯದು ಗ್ಯಾಸು. ತುಂಗಾತೀರ ಅವರೇ, ನಿಮ್ಮ ಡ್ರಾಫ್ಟಿಗೂ ಬಾಟಲಿಗೂ ಇರುವ ಅಂತರದಲ್ಲಿ ಒಂದು ದೊಡ್ಡ ಪಾಲು ಇದರದ್ದೇ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗಿ ಆಮ್ಲವಾಗುತ್ತದೆ, ನಾಲಗೆಯನ್ನು ಚುಚ್ಚುವುದು ಅದೇ. ಸಾರಜನಕ ಬಹಳ ಕಡಿಮೆ ಕರಗುತ್ತದೆ, ಹುಳಿಯನ್ನೂ ತರುವುದಿಲ್ಲ, ಅದರ ಗುಳ್ಳೆಗಳು ಅತಿ ಸಣ್ಣವು. ಗಿನ್ನೆಸ್‌ನಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಮೈಕೇಲ್ ಆ್ಯಶ್ ಈ ಎರಡು ಅನಿಲಗಳ ಮಿಶ್ರಣದಿಂದ ಬಿಯರ್ ಸುರಿಯುವ ವ್ಯವಸ್ಥೆಯನ್ನು ರೂಪಿಸಿದರು, ಅದು 1959ರಲ್ಲಿ ಬಳಕೆಗೆ ಬಂದಿತು. ಡ್ರಾಫ್ಟಿನ ಕೆನೆಯಂಥ ನೊರೆ ಆ ಮಿಶ್ರಣದ ಫಲ. ಅದಕ್ಕಿಂತ ಹಿಂದಿನ ತಲೆಮಾರಿನವರು ಕುಡಿದ ಸ್ಟೌಟ್ ಹಾಗೆ ಇರಲಿಲ್ಲ.

ಮಲ್ಲಿಗೆಹಂಬು (ಮೈಸೂರು)

ಚರ್ಚೆ ಬಹಳ ಉಪಯುಕ್ತವಾಗಿದೆ. ಮಿಲ್ಕ್ ಸ್ಟೌಟಿನ ಬಗ್ಗೆ ಒಂದು ಸಂದೇಹ. ಅದರಲ್ಲಿ ನಿಜವಾಗಿಯೂ ಹಾಲು ಇರುತ್ತದೆಯೇ? ನನಗೆ ಹಾಲು ಜೀರ್ಣವಾಗುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಬೆಂಗಳೂರಿಗೆ ಹೋದಾಗ ಬ್ರೂಪಬ್ ಒಂದರಲ್ಲಿ ಆ ಹೆಸರು ನೋಡಿ ಹಿಂಜರಿದು ಬಿಟ್ಟೆ.

ಹೊನ್ನಾವರದ ಬ್ರೂವರ್ (ಬೆಂಗಳೂರು)

ಮೇಡಂ, ನೀವು ಹಿಂಜರಿದದ್ದು ಸರಿ. ಹಾಲು ಇರುವುದಿಲ್ಲ, ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಬಿಯರಿನ ಯೀಸ್ಟ್‌ಗೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವಿಲ್ಲ, ಹಾಗಾಗಿ ನಾವು ಹಾಕಿದಷ್ಟೂ ಕೊನೆಯವರೆಗೆ ಹಾಗೆಯೇ ಉಳಿಯುತ್ತದೆ. ಸ್ವಾರಸ್ಯವೆಂದರೆ, ಹಾಲು ಜೀರ್ಣವಾಗದವರ ಹೊಟ್ಟೆಯಲ್ಲಿ ಕಡಿಮೆಯಿರುವುದೂ ಅದೇ ಕಿಣ್ವ. ಲ್ಯಾಕ್ಟೋಸ್ ಸಕ್ಕರೆಯಷ್ಟು ಸಿಹಿಯಲ್ಲ, ಅದರ ಕೆಲಸ ಮುಖ್ಯವಾಗಿ ಬಿಯರನ್ನು ಮಂದವಾಗಿಸುವುದು. ಕಳೆದ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹೈದ್ ಎಂಬ ಕರಾವಳಿ ಊರಿನ ಮೆಕೆಸನ್ ಬ್ರೂವರಿ ಇದನ್ನು ಪುಷ್ಟಿಕರ ಪಾನೀಯವೆಂದು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಸರ್ಕಾರ ಲೇಬಲ್ಲಿನಿಂದ ‘ಮಿಲ್ಕ್’ ಎಂಬ ಪದವನ್ನು ತೆಗೆಸಿತು, ಆದ್ದರಿಂದಲೇ ಹಳೆಯ ಪುಸ್ತಕಗಳಲ್ಲಿ ‘ಸ್ವೀಟ್ ಸ್ಟೌಟ್’ ಎಂದಿರುತ್ತದೆ. ಇತ್ತೀಚೆಗೆ ಸಿಹಿತಿಂಡಿಯಂತೆ ವೆನಿಲ್ಲಾ, ಕೋಕೋ ಸೇರಿಸಿದ ಪೇಸ್ಟ್ರಿ ಸ್ಟೌಟ್‌ಗಳಲ್ಲಿ ಹೆಸರಿನಲ್ಲಿ ‘ಮಿಲ್ಕ್’ ಇಲ್ಲದಿದ್ದರೂ ಲ್ಯಾಕ್ಟೋಸ್ ಇರುವುದು ಸಾಮಾನ್ಯ. ದಯವಿಟ್ಟು ಕೇಳಿಯೇ ತೆಗೆದುಕೊಳ್ಳಿ. ಐರಿಷ್ ಡ್ರೈ ಸ್ಟೌಟಿನಲ್ಲಿ ಅದನ್ನು ಹಾಕುವುದಿಲ್ಲ.

ತುಂಗಾತೀರ ಅವರ ಮೂರನೆಯ ಬಾಟಲಿಯ ವಿಷಯ ಉಳಿದಿದೆ. ಲಯನ್ ಸ್ಟೌಟನ್ನು ಟ್ರಾಪಿಕಲ್ ಸ್ಟೌಟ್ ಎಂಬ ಗುಂಪಿಗೆ ಸೇರಿಸುತ್ತಾರೆ, ಜಮೈಕಾದ ಡ್ರ್ಯಾಗನ್ ಸ್ಟೌಟ್ ಕೂಡ ಅದೇ ಗುಂಪಿನದು. ಹಡಗಿನಲ್ಲಿ ಬಂದ ಬಲವಾದ ಸ್ಟೌಟಿಗೆ ಒಗ್ಗಿಕೊಂಡ ಊರುಗಳಲ್ಲಿ ಸ್ಥಳೀಯ ಬ್ರೂವರಿಗಳು ತಮ್ಮದೇ ರೀತಿಯಲ್ಲಿ ಅದನ್ನು ತಯಾರಿಸತೊಡಗಿದವು. ಹಾಪ್ಸಿನ ಕಹಿ ಕಡಿಮೆ, ಕಬ್ಬಿನ ಸಕ್ಕರೆಯ ಬಳಕೆ, ಸೌಮ್ಯವಾಗಿ ಹುರಿದ ಮಾಲ್ಟ್, ಕೆಲವೆಡೆ ಲಾಗರ್ ಯೀಸ್ಟನ್ನೇ ಬೆಚ್ಚಗೆ ಹುದುಗಿಸುವ ರೂಢಿ, ಇವೆಲ್ಲ ಸೇರಿ ನೀವು ಹೇಳಿದ ಒಣದ್ರಾಕ್ಷಿಯ ಪರಿಮಳ ಬರುತ್ತದೆ. ನೈಜೀರಿಯಾದಲ್ಲಿ ತಯಾರಾಗುವ ಗಿನ್ನೆಸ್ಸಿನದು ಇನ್ನೊಂದು ದಾರಿ: ಅಲ್ಲಿ ಜೋಳದಂಥ ಸ್ಥಳೀಯ ಧಾನ್ಯಗಳ ತಿಳಿ ಬಿಯರಿಗೆ ಡಬ್ಲಿನ್ ಕಡೆಯಿಂದ ಹೋಗುವ ಕಪ್ಪು ಸಾರವನ್ನು ಬೆರೆಸುತ್ತಾರೆ. ಲೇಬಲ್ ಒಂದೇ ಆದರೂ ಡಬ್ಲಿನ್ನಿನ ಬಾಟಲಿಗೂ ಅದಕ್ಕೂ ರುಚಿ ಹೊಂದುವುದಿಲ್ಲ.

ನೀರಿನ ಪಾಲನ್ನು ಯಾರೂ ಹೇಳಲಿಲ್ಲ, ಅದನ್ನು ಬಿಟ್ಟರೆ ಉತ್ತರ ಅಪೂರ್ಣ. ಹುರಿದ ಕಾಳು ಆಮ್ಲೀಯ. ಹಿಂದೆ ಡಬ್ಲಿನ್ ಮತ್ತು ಲಂಡನ್ನಿನಲ್ಲಿ ಬಳಸುತ್ತಿದ್ದ ನೀರಿನಲ್ಲಿ ಆಮ್ಲವನ್ನು ತಗ್ಗಿಸುವ ಕಾರ್ಬೊನೇಟ್ ಹೆಚ್ಚಿದ್ದುದರಿಂದ ಒಂದನ್ನೊಂದು ಸರಿದೂಗಿಸಿಕೊಂಡು ಹದ ತಾನಾಗಿಯೇ ಬರುತ್ತಿತ್ತು. ಕಪ್ಪು ಬಿಯರ್ ಆ ನಗರಗಳಲ್ಲಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ. ನಾವು ಬೆಂಗಳೂರಿನಲ್ಲಿ ಆರ್‌ಒ ನೀರಿನಿಂದ ಆರಂಭಿಸುತ್ತೇವೆ, ಅದರಲ್ಲಿ ಲವಣವೇ ಇರುವುದಿಲ್ಲ. ನನ್ನ ಮೊದಲ ಸ್ಟೌಟ್ ಹುಳಿಯಾಗಿ, ಒಗರಾಗಿ, ತಣ್ಣಗಾದ ಡಿಕಾಕ್ಷನ್ನಿನಂತೆ ಬಂದಿತ್ತು. ಈಗ ಅಳತೆ ಹಿಡಿದು ಅಡುಗೆ ಸೋಡಾ ಸೇರಿಸಿ ಪಿಎಚ್ 5.4ರ ಸುತ್ತ ನಿಲ್ಲಿಸುತ್ತೇನೆ. ಚಿಕ್ಕಮಗಳೂರಿನ ಅರೇಬಿಕಾ ಹಾಕಿ ಕಾಫಿ ಸ್ಟೌಟ್ ಮಾಡುವಾಗ ಹುರಿದ ಬಾರ್ಲಿಯನ್ನು ಅರ್ಧಕ್ಕೆ ಇಳಿಸುತ್ತೇನೆ, ಎರಡು ಹುರಿತಗಳು ಸೇರಿದರೆ ಕಹಿ ವಿಪರೀತವಾಗುತ್ತದೆ. ಇಂಪೀರಿಯಲ್ ಸ್ಟೌಟ್ ಮಾತ್ರ ನಮ್ಮಲ್ಲಿ ಕಷ್ಟ. ಭಾರತದ ಆಹಾರ ಸುರಕ್ಷತಾ ಮಾನದಂಡದಲ್ಲಿ ಸ್ಟ್ರಾಂಗ್ ಬಿಯರಿನ ಮಿತಿ ಶೇ. 8ಕ್ಕೆ ಮುಗಿಯುತ್ತದೆ, ಆ ಬಗೆ ಆರಂಭವಾಗುವುದೇ ಅಲ್ಲಿಂದ.

ತುಂಗಾತೀರ (ಡಬ್ಲಿನ್)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಲೆಯುರಿಯವರ ಮಾತನ್ನು ಪರೀಕ್ಷಿಸಲು ಶನಿವಾರ ಡ್ರಾಫ್ಟಿನ ಕ್ಯಾನ್ ಮತ್ತು ಫಾರಿನ್ ಎಕ್ಸ್‌ಟ್ರಾ ಬಾಟಲಿ ಎರಡನ್ನೂ ಲೋಟಕ್ಕೆ ಸುರಿದು, ಚಮಚದಿಂದ ಕಲಕಿ ಗ್ಯಾಸನ್ನು ಪೂರ್ತಿ ಬಿಡಿಸಿ, ಫ್ರಿಜ್ಜಿನ ಹೊರಗೆ ಒಂದು ಗಂಟೆ ಇಟ್ಟು ಕುಡಿದು ನೋಡಿದೆ. ಕೆನೆ ಹೋದ ಮೇಲೆ ಡ್ರಾಫ್ಟ್ ತೀರಾ ತೆಳ್ಳಗೆ, ಬಹುತೇಕ ನೀರಿನಂತಿತ್ತು. ಫಾರಿನ್ ಎಕ್ಸ್‌ಟ್ರಾದಲ್ಲಿ ಚುಚ್ಚು ಹೋದರೂ ಹುಳಿ ಹೋಗಲಿಲ್ಲ, ಅದರ ಕೆಳಗೆ ಮೊದಲು ಗಮನಕ್ಕೆ ಬಾರದಿದ್ದ ಸಿಹಿಯೊಂದು ಸಿಕ್ಕಿತು. ಮುಂದಿನ ವಾರ ಓಟ್‌ಮೀಲ್ ಸ್ಟೌಟನ್ನೂ ಹೀಗೆಯೇ ನೋಡಬೇಕೆಂದಿದ್ದೇನೆ. ಅದನ್ನು ಎಷ್ಟು ತಣ್ಣಗೆ ಕುಡಿಯಬೇಕು?

ಒಲೆಯುರಿ (ಲೀಡ್ಸ್)

ಸುಮಾರು 12 ಡಿಗ್ರಿ ಸೆಲ್ಸಿಯಸ್ ಸಾಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ತೀರಾ ತಣ್ಣಗಿದ್ದರೆ ಕಹಿಯೊಂದೇ ಮುಂದೆ ಬರುತ್ತದೆ, ಮಾಲ್ಟಿನ ಪರಿಮಳ ಏಳುವುದಿಲ್ಲ. ಅದರ ಜೊತೆಗೆ ಮಿಲ್ಕ್ ಸ್ಟೌಟ್ ಒಂದನ್ನೂ ಇಟ್ಟುಕೊಳ್ಳಿ: ಓಟ್ಸಿನ ನುಣುಪು ಬೇರೆ, ಲ್ಯಾಕ್ಟೋಸಿನ ಮಂದ ಬೇರೆ ಎಂಬುದು ಪಕ್ಕಪಕ್ಕದಲ್ಲಿ ಕುಡಿದಾಗ ಮಾತ್ರ ಗೊತ್ತಾಗುತ್ತದೆ.