ಸೌಂಡ್ ಕೆಲಸದ ಹುಡುಗರಿಗೆ ಇಯರ್‌ಪ್ಲಗ್ ಕಡ್ಡಾಯ ಮಾಡಬೇಕಾ? ನಿಮ್ಮ ಅಭಿಪ್ರಾಯ ಹೇಳಿ

ಹಾಸನ ಸೌಂಡ್:
16 ವರ್ಷದಿಂದ ಹಾಸನದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಿದ್ದೇನೆ. ಮದುವೆ, ಗಣಪತಿ, ಜಾತ್ರೆ, ಸ್ಕೂಲ್ ಡೇ ಎಲ್ಲಾ ಮಾಡುತ್ತೇವೆ. ಜೊತೆಗೆ ನಾಲ್ಕು ಜನ ಹುಡುಗರಿದ್ದಾರೆ.

ಹೋದ ತಿಂಗಳು ಮೂಡಿಗೆರೆ ಕಡೆ ಎಸ್ಟೇಟಿನಲ್ಲಿ ಒಂದು ಮದುವೆ ಇತ್ತು. ರಾತ್ರಿ ಜನರೇಟರ್ ಆಫ್ ಮಾಡಿ ವೈರ್ ಸುತ್ತುತ್ತಿದ್ದೆವು. ಒಬ್ಬ ಹುಡುಗ "ಅಣ್ಣಾ, ಜೀರುಂಡೆ ಏನ್ ಕಿರುಚ್ತಾ ಇದಾವೆ, ತಲೆ ಚಿಟ್ಟು ಹಿಡೀತು" ಅಂದ. ನನಗೆ ಒಂದೂ ಕೇಳಿಸಲಿಲ್ಲ. ತೋಟ ಪೂರ್ತಿ ಸುಮ್ಮನಿದೆ ಅಂತಲೇ ನಾನು ಅಂದುಕೊಂಡಿದ್ದೆ. ಬಲಗಿವಿಯನ್ನು ತೋಟದ ಕಡೆ ತಿರುಗಿಸಿದಾಗ ಎಲ್ಲೋ ದೂರದಲ್ಲಿ ಇದ್ದ ಹಾಗೆ ಸಣ್ಣಗೆ ಕೇಳಿಸಿತು. ಹುಡುಗ ನೋಡಿದರೆ ಕಿವಿ ಮುಚ್ಚಿಕೊಂಡು ನಿಂತಿದ್ದ.

ವಾರ ಬಿಟ್ಟು ಪರೀಕ್ಷೆ ಮಾಡಿಸಿದೆ. ಎಡಗಿವಿಗೆ 4000 ಹರ್ಟ್ಸ್ ಸ್ವರ 50 ಡೆಸಿಬೆಲ್‌ವರೆಗೆ ಜೋರು ಮಾಡಿದ ಮೇಲೆ ಕೇಳಿಸಿತು. ಬಲಗಿವಿಗೆ 30. ಸ್ಟೇಜಿನ ಪಕ್ಕ ಸದ್ದು ಹೊಂದಿಸುವ ಮಿಕ್ಸರ್ ಇಟ್ಟುಕೊಂಡಾಗ ಸ್ಪೀಕರ್ ಯಾವಾಗಲೂ ನನ್ನ ಎಡಕ್ಕೇ ಇರುತ್ತಿತ್ತು. ಮನೆಯಲ್ಲಿ ಸೊಪ್ಪು ತನ್ನಿ ಅಂದರೆ ಉಪ್ಪು ತಂದಿದ್ದು ಯಾಕೆ ಅಂತ ಈಗ ಅರ್ಥವಾಯಿತು.

ನನ್ನದು ಹೋಗಿದೆ, ಹುಡುಗರದ್ದು ಹೋಗಬಾರದು. ಪ್ಲಗ್ ಹಾಕದಿದ್ದರೆ ಕೆಲಸಕ್ಕೆ ಬರಬೇಡಿ ಅನ್ನೋಣ ಅಂತಿದ್ದೇನೆ. ಅವರು ಬೇಡ ಅನ್ನುತ್ತಾರೆ. ಈ ಕೆಲಸ ಗೊತ್ತಿರುವವರು ಏನು ಹೇಳುತ್ತೀರಿ?

ಪಟ್ಟಣದ ತಮಟೆ:
ಅಣ್ಣಾ, ನಿಮ್ಮ ಕಿವಿಯ ವಿಷಯ ಕೇಳಿ ಬೇಜಾರಾಯಿತು. ಆದರೂ ಕಡ್ಡಾಯ ಅನ್ನೋದು ನನಗೆ ಒಪ್ಪಿಗೆ ಇಲ್ಲ. ನಾನು ಚನ್ನರಾಯಪಟ್ಟಣದ ಹತ್ತಿರದವನು. ನಮ್ಮ ಅಪ್ಪನ ಕಾಲದಿಂದ ತಮಟೆ ಬಾರಿಸುತ್ತೇವೆ. ಎಂಟು ಜನ ಬಾರಿಸುವಾಗ ಮುಂದಿನವನ ಒಂದು ಏಟಿಗೆ ಎಲ್ಲರೂ ವರಸೆ ಬದಲಾಯಿಸಬೇಕು. ಒಮ್ಮೆ ಸ್ಪಂಜಿನ ಪ್ಲಗ್ ಹಾಕಿ ನೋಡಿದೆ. ಬಾವಿಯೊಳಗೆ ಕೂತು ಬಾರಿಸಿದ ಹಾಗಾಯಿತು. ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡಿದ ಮೇಲೆ ಬರುವ ಆ 'ಠಣ್' ಅನ್ನೋ ನಾದವೇ ಹೋಯಿತು. ಅದು ಕೇಳದಿದ್ದರೆ ಕೈ ಓಡಲ್ಲ. ಕಿವಿಗೂ ನಿಧಾನಕ್ಕೆ ರೂಢಿ ಆಗುತ್ತೆ ಅಲ್ವಾ?

ಆಡಿಯಾಲಜಿ ಅಕ್ಕ:
ಹಾಸನದಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ನನ್ನದು. ರೂಢಿ ಅನ್ನೋ ಮಾತನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಒಂದು ಭಾಗ ಇದೆ. ಅದರಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ, ಒಂದು ಕಿವಿಗೆ ಸುಮಾರು 15 ಸಾವಿರ. ಹುಟ್ಟುವಾಗ ಬಂದಷ್ಟೇ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಜೋರು ಅನ್ನಿಸುತ್ತಿದ್ದ ಸದ್ದು ಈಗ ಅಷ್ಟು ಜೋರಾಗಿಲ್ಲ ಅನ್ನಿಸಿದರೆ ಕಿವಿ ಗಟ್ಟಿಯಾಯಿತು ಅಂತಲ್ಲ. ಕೇಳುವ ಕೋಶಗಳು ಕಡಿಮೆಯಾಗಿರಬಹುದು.

ಜೋರು ಸದ್ದಿನಿಂದ ಮೊದಲು ಪೆಟ್ಟು ಬೀಳುವುದು 3000ರಿಂದ 6000 ಹರ್ಟ್ಸ್ ನಡುವೆ. ಜೀರುಂಡೆಯ ಕಿರುಚಾಟ ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಸ, ಶ, ಚ ಅಕ್ಷರಗಳ ಸೀಟಿಯಂಥ ಸದ್ದೂ ಆ ಎತ್ತರದ್ದೇ. ಹಾಗಾಗಿ ಮಾತು ಕೇಳಿಸುತ್ತದೆ, ಸ್ಪಷ್ಟ ಇರಲ್ಲ. ಸೊಪ್ಪು, ಉಪ್ಪು ಅದಲುಬದಲಾಗುವುದು ಹೀಗೆ.

ತಮಟೆ ಅಣ್ಣಾ, ಬಾವಿಯೊಳಗೆ ಕೂತ ಹಾಗಾಯಿತು ಅಂದಿರಲ್ಲ, ಅದು ನಿಜ. ಸ್ಪಂಜಿನ ಪ್ಲಗ್ ತೀಕ್ಷ್ಣ ಸ್ವರಗಳನ್ನು ಜಾಸ್ತಿ ತಡೆಯುತ್ತದೆ, ದಪ್ಪ ಸ್ವರಗಳನ್ನು ಕಡಿಮೆ. ಅದಕ್ಕೇ 'ಠಣ್' ಹೋಗಿ 'ಧಬ್' ಉಳಿಯುವುದು. ಸಂಗೀತಗಾರರಿಗೆ ಅಂತಲೇ ಫಿಲ್ಟರ್ ಇರುವ ಪ್ಲಗ್ ಬರುತ್ತದೆ. ಅದು ಎಲ್ಲಾ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ಕಿವಿಯ ಅಚ್ಚು ತೆಗೆದು ಮಾಡಿಸಿದರೆ 9, 15, 25 ಡೆಸಿಬೆಲ್‌ನ ಫಿಲ್ಟರ್ ಬದಲಾಯಿಸಿಕೊಳ್ಳಬಹುದು. ನಾದ ಅದೇ, ಜೋರು ಮಾತ್ರ ಕಡಿಮೆ.

ಗಿರಿ ಡಿಜೆ:
ಚಿಕ್ಕಮಗಳೂರಿನಿಂದ. ಹೋಂಸ್ಟೇ, ರೆಸಾರ್ಟ್ ಪಾರ್ಟಿ ಮಾಡುತ್ತೇನೆ. ಅಕ್ಕ ಹೇಳಿದ್ದು ಸರಿ ಇರಬಹುದು, ಆದರೆ ಮಿಕ್ಸ್ ಮಾಡುವವನು ಪ್ಲಗ್ ಹಾಕಿ ಹೇಗೆ ಕೆಲಸ ಮಾಡೋದು? ಹೆಡ್‌ಫೋನಿನಲ್ಲಿ ಮುಂದಿನ ಹಾಡಿನ ಬೀಟ್ ಹಿಡಿಯಬೇಕು, ಹೊರಗಿನದ್ದೂ ಕೇಳಬೇಕು. ವಾಲ್ಯೂಮ್ ಇಳಿಸೋಣ ಅಂದರೆ ಪಾರ್ಟಿಯವರು ಬಿಡಲ್ಲ. "ಎದೆ ನಡುಗಬೇಕು" ಅಂತ ಹೇಳಿಯೇ ಅಡ್ವಾನ್ಸ್ ಕೊಡುತ್ತಾರೆ. ನಾನು ಇಳಿಸಿದರೆ ಮುಂದಿನ ಸಲ ಬೇರೆಯವರನ್ನು ಕರೆಯುತ್ತಾರೆ. ಇದು ಹೊಟ್ಟೆಪಾಡು.

ಕಡೂರು ಮೇಷ್ಟ್ರು:
ಎಲ್ಲರೂ ಪ್ಲಗ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೂಲ ಇರುವುದು ಸ್ಪೀಕರಿನಲ್ಲಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ವಾಸದ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಅಲ್ಲಿನ ಮಿತಿಗಿಂತ 10 ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಇರಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ, ಉತ್ಸವಕ್ಕೆ ಅಂತ ಸರ್ಕಾರ 12ರವರೆಗೆ ಬಿಡಬಹುದು. ಇದನ್ನು ಪಾಲಿಸಿದರೆ ಕಿವಿಗೆ ಏನನ್ನೂ ತುರುಕಬೇಕಾಗಿಲ್ಲ.

ಹಾಸನ ಸೌಂಡ್:
ಮೇಷ್ಟ್ರೇ, ನಿಯಮ ಪಾಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪಕ್ಕದ ಮನೆಯವರ ಕಿವಿಗೆ ಮಾಡಿದ ಲೆಕ್ಕ. ಮೈದಾನದ ಗಡಿಯಲ್ಲಿ 75 ಇದ್ದರೂ ಸ್ಪೀಕರ್ ಬಾಕ್ಸಿನ ಪಕ್ಕ ನಿಂತ ಹುಡುಗನಿಗೆ 100 ಇರಬಹುದು. ಫ್ಯಾಕ್ಟರಿಗಳಲ್ಲಾದರೆ 8 ಗಂಟೆ ಕೆಲಸಕ್ಕೆ 90 ಡೆಸಿಬೆಲ್ ಅಂತ ಮಿತಿ ಇದೆ. ನಮ್ಮ ಟ್ರ್ಯಾಕ್ಟರ್, ಪೆಂಡಾಲ್‌ಗೆ ಬಂದು ಅಳೆಯುವವರು ಯಾರು? ನನ್ನ ಹುಡುಗರನ್ನು ನಾನೇ ನೋಡಿಕೊಳ್ಳಬೇಕು.

ಆಡಿಯಾಲಜಿ ಅಕ್ಕ:
ಹೌದು, ಎರಡೂ ಬೇಕು. ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. ಫ್ಯಾಕ್ಟರಿಯ 90 ಕಾನೂನಿನ ಮಿತಿ, ಕಿವಿ ಉಳಿಯಬೇಕಾದರೆ 85 ಡೆಸಿಬೆಲ್‌ಗೆ ದಿನಕ್ಕೆ ಹೆಚ್ಚೆಂದರೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ತಲುಪಿದರೆ ಬರೀ 15 ನಿಮಿಷ. ಗಣಪತಿ ಮೆರವಣಿಗೆ ಎಷ್ಟು ಗಂಟೆ ನಡೆಯುತ್ತದೆ ಅಂತ ನಿಮಗೇ ಗೊತ್ತು.

ದೂರವೂ ಒಂದು ಔಷಧಿ ಇದ್ದ ಹಾಗೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬಾಕ್ಸಿನಿಂದ 2 ಮೀಟರ್‌ನಲ್ಲಿ 103 ಇದ್ದರೆ ಏಳೂವರೆ ನಿಮಿಷಕ್ಕೆ ದಿನದ ಲೆಕ್ಕ ಮುಗಿಯಿತು. ಅದೇ 8 ಮೀಟರ್ ದೂರ ಬಂದರೆ 91, ಅಂದರೆ 2 ಗಂಟೆ. ಎರಡೂ ಕಡೆ ಗೋಡೆ ಇರುವ ಬೀದಿಯಲ್ಲಿ ಇಷ್ಟು ಇಳಿಯಲ್ಲ.

ಗಿರಿ ಡಿಜೆ, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಒಂದು ಮಾನದಂಡ ಕೊಟ್ಟಿದೆ. 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು. ಬಂದವರಿಗೆ ಪ್ಲಗ್ ಸಿಗಬೇಕು, ಸ್ವಲ್ಪ ಹೊತ್ತು ಕೂರಲು ಸದ್ದಿಲ್ಲದ ಜಾಗ ಇರಬೇಕು. ಪಾರ್ಟಿಯವರಿಗೆ ಇದನ್ನು ತೋರಿಸಿ ಮಾತಾಡಬಹುದು.

ಗಿರಿ ಡಿಜೆ:
ಪಾರ್ಟಿಯವರಿಗೆ ತೋರಿಸಿದರೆ ಓದೋದೇ ಇಲ್ಲ, ಅದು ನನ್ನ ಅನುಭವ. ಎದೆ ನಡುಗಿಸುವುದು ಬಾಸ್, ಅಂದರೆ ದಪ್ಪ ಸ್ವರ. ಬಾಸ್ ಇಟ್ಟುಕೊಂಡು ಮೇಲಿನ ಸ್ವರ ಇಳಿಸಿದರೆ ಕಿವಿಗೆ ಅಷ್ಟು ತೊಂದರೆ ಇಲ್ಲ ಅಂತ ಕೇಳಿದ್ದೇನೆ. ಇದು ಸರೀನಾ?

ಆಡಿಯಾಲಜಿ ಅಕ್ಕ:
ಸ್ವಲ್ಪ ಸರಿ. ಒಂದೇ ಜೋರಿನಲ್ಲಿ ಹೋಲಿಸಿದರೆ ಕಿವಿಗೆ ಬಾಸ್‌ಗಿಂತ ತೀಕ್ಷ್ಣ ಸ್ವರ ಹೆಚ್ಚು ಅಪಾಯ. ಹಾಗಂತ ಬಾಸ್‌ಗೆ ಮಿತಿ ಇಲ್ಲ ಅಂತಲ್ಲ. ತೀಕ್ಷ್ಣ ಸ್ವರ ಬರುವ ಹಾರ್ನ್ ಸ್ಪೀಕರ್ ಕಿವಿಯ ಎತ್ತರಕ್ಕೆ ಇರದಂತೆ ಮೇಲೆ ಕಟ್ಟಿ, ಜನರ ಕಡೆ ಬಾಗಿಸಿ. ಅದೊಂದರಿಂದಲೇ ಹತ್ತಿರ ನಿಂತವರಿಗೆ ತುಂಬಾ ವ್ಯತ್ಯಾಸ ಆಗುತ್ತದೆ.

ಅರಸೀಕೆರೆ ಅಮ್ಮ:
ನನ್ನ ಮಗ ಬ್ಯಾಂಡ್ ಸೆಟ್‌ನಲ್ಲಿ ಡ್ರಮ್ ಬಾರಿಸುತ್ತಾನೆ, 24 ವರ್ಷ. ಮದುವೆ ಸೀಸನ್ನಿನಲ್ಲಿ ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತೆ, ನಿದ್ದೆ ಬರಲ್ಲ ಅನ್ನುತ್ತಾನೆ. ಬೆಳಗ್ಗೆ ಸರಿ ಹೋಗುತ್ತದೆ. ನಾನು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದೇನೆ. ಇಷ್ಟು ಸಾಕಾ?

ಆಡಿಯಾಲಜಿ ಅಕ್ಕ:
ಅಮ್ಮಾ, ದಯವಿಟ್ಟು ಎಣ್ಣೆ ನಿಲ್ಲಿಸಿ. ಪೆಟ್ಟು ಬಿದ್ದಿರುವುದು ಒಳಗಿವಿಗೆ. ನಡುವೆ ಕಿವಿತಮಟೆಯ ಪರದೆ ಇದೆ, ಎಣ್ಣೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಆ ಪರದೆಯಲ್ಲಿ ತೂತು ಇದ್ದರಂತೂ ಸೋಂಕು ಆಗಬಹುದು. ಆ ಗುಂಯ್ ಅನ್ನೋದು ಕಿವಿ ಹಾಕುವ ಕೂಗು. ಬೆಳಗ್ಗೆ ಸರಿ ಹೋಯಿತು ಅಂತ ಬಿಡಬೇಡಿ, ಹೀಗೆ ಆಗಿ ಆಗಿ ಒಂದು ದಿನ ಆ ಗುಂಯ್ ಹೋಗದೆ ಉಳಿದುಬಿಡಬಹುದು. ಒಮ್ಮೆ ಪರೀಕ್ಷೆ ಮಾಡಿಸಿ. ಹಾಸನದ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಯಾವತ್ತಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಬೇಗ ಔಷಧಿ ಶುರುವಾದರೆ ಮಾತ್ರ ಉಳಿಯುವ ಅವಕಾಶ ಜಾಸ್ತಿ.

ವೈರ್ ಹುಡುಗ:
ನಾನು ಮೂರು ವರ್ಷ ಒಬ್ಬರ ಹತ್ತಿರ ಸೌಂಡ್ ಕೆಲಸ ಮಾಡಿದ್ದೇನೆ. ಸಕಲೇಶಪುರದ ಕಡೆ ಇತ್ತು, ಆ ಕೆಲಸ ಬಿಟ್ಟೆ. ನೀವೆಲ್ಲ ಓನರ್, ಕಲಾವಿದರು ಮಾತಾಡುತ್ತಿದ್ದೀರಿ, ಒಂದು ಮಾತು ನಾನೂ ಹೇಳುತ್ತೇನೆ. ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಹಿಂದೆ, ಜನರೇಟರ್ ಪಕ್ಕ ಕೂರುವವರು ನಾವು. ಮಧ್ಯಾಹ್ನ 3ಕ್ಕೆ ಕೂತರೆ ಮಧ್ಯರಾತ್ರಿಗೆ ಇಳಿಯುತ್ತಿದ್ದೆ. ಒಮ್ಮೆ ಒಬ್ಬರು ಹತ್ತಿ ಕೊಟ್ಟರು. ಅದರಿಂದ ಏನೂ ಆಗಲಿಲ್ಲ.

ಪ್ಲಗ್ ಹಾಕಲ್ಲ ಅನ್ನೋದು ಸೊಕ್ಕಿಗಲ್ಲ ಅಣ್ಣಾ. ಓನರ್ ಕೂಗಿದ್ದು ಕೇಳದಿದ್ದರೆ ಬೈಗುಳ. ವೈರ್ ಸುಡುತ್ತಿದೆ, ಬಂದ್ ಮಾಡು ಅಂತ ಒಮ್ಮೆ ಕೂಗಿದ್ದು ಕೇಳಿಸಲೇ ಇಲ್ಲ, ಎಲ್ಲರ ಎದುರು ಏಟು ತಿಂದೆ. ಅವತ್ತಿನಿಂದ ಒಂದು ಕಿವಿಯ ಪ್ಲಗ್ ತೆಗೆದೇ ಇಡುತ್ತಿದ್ದೆ. ನಿಮ್ಮ ಹುಡುಗರಿಗೂ ಇದೇ ಹೆದರಿಕೆ ಇರಬಹುದು, ಕೇಳಿ ನೋಡಿ.

ಆಡಿಯಾಲಜಿ ಅಕ್ಕ:
ಇದು ನನಗೆ ಹೊಳೆದಿರಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ನಡುನಡುವೆ ತೆಗೆದರೆ ಎಷ್ಟು ನಷ್ಟ ಅಂತ ಎಲ್ಲರಿಗೂ ಗೊತ್ತಾಗಲಿ. ಅರ್ಧ ಹೊತ್ತು ಹಾಕಿ ಅರ್ಧ ಹೊತ್ತು ತೆಗೆದರೆ, ಎಷ್ಟೇ ಒಳ್ಳೆ ಪ್ಲಗ್ ಆದರೂ ಸಿಗುವ ರಕ್ಷಣೆ ಹೆಚ್ಚೆಂದರೆ 3 ಡೆಸಿಬೆಲ್. ಹತ್ತಿಯಿಂದಲೂ ಹೆಚ್ಚೇನೂ ಸಿಗಲ್ಲ.

ಹಾಕುವ ರೀತಿಯೂ ಮುಖ್ಯ. ಕೈ ತೊಳೆದು ಸ್ಪಂಜನ್ನು ಬೆರಳಲ್ಲಿ ಊದಿನಕಡ್ಡಿಯಷ್ಟು ಸಣ್ಣಗೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಒಳಗೆ ತಳ್ಳಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಿ. ಎದುರು ನಿಂತವರಿಗೆ ಪ್ಲಗ್ ಪೂರ್ತಿ ಕಾಣುತ್ತಿದ್ದರೆ ಒಳಗೆ ಹೋಗಿಲ್ಲ ಅಂತ. ಪ್ಯಾಕೆಟ್ ಮೇಲೆ 33 ಡೆಸಿಬೆಲ್ ತಡೆಯುತ್ತದೆ ಅಂತ ಬರೆದಿದ್ದರೂ ಬಳಕೆಯಲ್ಲಿ ಅದರ ಅರ್ಧ ಸಿಕ್ಕರೆ ಒಳ್ಳೆಯದು. ಅರ್ಧ ಅಂದರೂ 100 ಇದ್ದದ್ದು 85ರ ಹತ್ತಿರ ಬರುತ್ತದೆ.

ಕಡೂರು ಮೇಷ್ಟ್ರು:
ವೈರ್ ಹುಡುಗ ಬರೆದದ್ದು ಓದಿ ಸುಮ್ಮನೆ ಕೂತೆ. ನನ್ನ ಹಳೆ ವಿದ್ಯಾರ್ಥಿಗಳು ಎಷ್ಟೋ ಜನ ಇದೇ ಕೆಲಸದಲ್ಲಿದ್ದಾರೆ. ಸ್ಪೀಕರ್ ಇಳಿಸಬೇಕು ಅನ್ನೋ ನನ್ನ ಮಾತು ನನ್ನದೇ. ಆದರೆ ಅದು ಆಗುವವರೆಗೆ ಆ ಹುಡುಗರು ಕಾಯಬೇಕು ಅಂತ ನಾನು ಹೇಳಲಾರೆ.

ಹಾಸನ ಸೌಂಡ್:
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹುಡುಗರನ್ನು ಕೂರಿಸಿ ಕೇಳಿದೆ. ವೈರ್ ಹುಡುಗ ಹೇಳಿದ್ದೇ ನಿಜ. ನಾನು ಏಟು ಹಾಕಿಲ್ಲ, ಆದರೆ ಕೂಗಿದ್ದೇನೆ, ಬೈದಿದ್ದೇನೆ. ಅವರೆದುರೇ ಒಪ್ಪಿಕೊಂಡೆ.

ಈಗ ಕೂಗೋದು ಬಿಟ್ಟು ಟಾರ್ಚ್ ಇಟ್ಟಿದ್ದೇವೆ. ಒಂದು ಸಲ ಮಿಣುಕಿದರೆ ನನ್ನ ಕಡೆ ನೋಡು, ಎರಡು ಸಲ ಆದರೆ ಇಳಿಸು, ಬಿಡದೆ ಮಿಣುಕಿದರೆ ಪೂರ್ತಿ ಬಂದ್. ಜನರೇಟರ್ ಹತ್ತಿರ ಒಬ್ಬನೇ ಇಡೀ ರಾತ್ರಿ ಕೂರುವ ಹಾಗಿಲ್ಲ, ಅರ್ಧ ಗಂಟೆಗೊಬ್ಬ ಬದಲಾಗುತ್ತಾನೆ. ಮಿಕ್ಸರನ್ನು ಸ್ಟೇಜ್ ಪಕ್ಕದಿಂದ ಎತ್ತಿ ಜನರ ಹಿಂದಕ್ಕೆ ಹಾಕಿದೆ. ಉದ್ದ ಕೇಬಲ್‌ಗೆ ದುಡ್ಡು ಹೋಯಿತು, ಹೋಗಲಿ.

ಮೊನ್ನೆ ಆಲೂರು ರಸ್ತೆಯ ಒಂದು ಛತ್ರದಲ್ಲಿ ಆರತಕ್ಷತೆ ಇತ್ತು. ನಾಲ್ವರೂ ಪ್ಲಗ್ ಹಾಕಿದರು. ದಾರ ಇರುವ ಜೊತೆ ತಂದಿದ್ದೆ, ಊಟಕ್ಕೆ ಹೋದಾಗ ಕೊರಳಲ್ಲಿ ನೇತಾಡುತ್ತಿತ್ತು. ಚಿಕ್ಕವನು ಬೆಳಗ್ಗೆ ಫೋನ್ ಮಾಡಿದ. "ಅಣ್ಣಾ, ನೆನ್ನೆ ರಾತ್ರಿ ಕಿವಿ ಗುಂಯ್ ಅನ್ನಲಿಲ್ಲ" ಅಂದ. ಇಷ್ಟು ದಿನ ಅವನಿಗೆ ದಿನಾ ಅನ್ನುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಗಿರಿ ಡಿಜೆ:
ಟಾರ್ಚ್ ನಮ್ಮಲ್ಲಿ ಆಗಲ್ಲ, ಲೈಟಿಂಗ್ ಮಧ್ಯೆ ಕಾಣಲ್ಲ. ವಾಲ್ಯೂಮ್ ವಿಷಯದಲ್ಲೂ ನನ್ನ ಮಾತು ಬದಲಾಗಿಲ್ಲ, ಪಾರ್ಟಿಯವರು ಒಪ್ಪಲ್ಲ. ಆದರೆ ಹಾರ್ನ್ ಮೇಲೆ ಕಟ್ಟಿಸಿದೆ. ಪರೀಕ್ಷೆಗೂ ಹೋಗಬೇಕು ಅಂತಿದ್ದೇನೆ.

ಪಟ್ಟಣದ ತಮಟೆ:
ಅಕ್ಕಾ, ಆ ಫಿಲ್ಟರ್ ಇರುವ ಪ್ಲಗ್‌ನ ಒಂದು ಜೊತೆ ನೋಡೋಕೆ ಸಿಗುತ್ತಾ? ಮುಂದಿನ ವಾರ ಹಿರೀಸಾವೆ ಕಡೆ ದೇವರ ಮೆರವಣಿಗೆ ಇದೆ. ಹಾಕಿಕೊಂಡು ಬಾರಿಸಿ ನೋಡುತ್ತೇನೆ. 'ಠಣ್' ಕೇಳಿಸಿದರೆ ಎಂಟು ಜೊತೆ ತಗೋತೀವಿ.