ಸಹಾಯ ಬೇಕು: ನೀಲ್ ದ್ವೀಪದಲ್ಲಿ ಅಮ್ಮನಿಗೆ ಹೊಂದುವ ಅತಿಥಿಗೃಹ

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಜನವರಿಯಲ್ಲಿ ಅಮ್ಮನನ್ನು ಅಂಡಮಾನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕೆರೆ, ನಾಲೆ ಬಿಟ್ಟು ಬೇರೆ ನೀರು ಕಾಣದ ಜೀವ ಅದು; ಅಲೆಗಳ ಸದ್ದು ಕೇಳುತ್ತಾ ಮಲಗಬೇಕೆಂಬುದು ಅವರ ಬಹುಕಾಲದ ಆಸೆ.

2018ರಲ್ಲಿ ಶಹೀದ್ ದ್ವೀಪ ಎಂದು ಹೆಸರು ಬದಲಾದ ನೀಲ್ ದ್ವೀಪದಲ್ಲಿ ಎರಡು ರಾತ್ರಿ ಉಳಿಯುತ್ತೇವೆ. ಲಕ್ಷ್ಮಣಪುರ ಕಡಲತೀರದ ಹತ್ತಿರ ಒಳ್ಳೆಯ ಸಣ್ಣ ಅತಿಥಿಗೃಹ ಯಾರಿಗಾದರೂ ಗೊತ್ತೇ? ಅಮ್ಮನಿಗೆ ಮಂಡಿನೋವು. ನೆಲಮಹಡಿಯ ಕೋಣೆ, ಕಮೋಡ್ ಇರುವ ಶೌಚಾಲಯ ಬೇಕೇ ಬೇಕು, ಎ.ಸಿ. ಇಲ್ಲದಿದ್ದರೂ ನಡೆಯುತ್ತದೆ. ಊಟ ಸಸ್ಯಾಹಾರ, ಅನ್ನ-ಸಾರು ಸಿಕ್ಕರೆ ಸಾಕು. ಅಲ್ಲಿ ಆರು ಗಂಟೆಯೊಳಗೆ ಕತ್ತಲಾಗುವುದರಿಂದ ತೀರದಿಂದ ಕೋಣೆಯವರೆಗೆ ದಾರಿದೀಪವಿದೆಯೇ ಎಂಬುದೂ ನನಗೆ ಮುಖ್ಯ.

ಬರೀ ಫೋಟೊ ನಂಬಿ ಕಾಯ್ದಿರಿಸಲು ಮನಸ್ಸಿಲ್ಲ. ಅಲ್ಲಿ ಉಳಿದು ಬಂದವರು ದಯವಿಟ್ಟು ತಿಳಿಸಿ.